ಕವಳಿ ಹಣ್ಣಿನ ಭಾನುವಾರ

ಕುಮುದಾ ಕರುವನ್ನು ಗೂಟಕ್ಕೆ ಕಟ್ಟಿ, ಕೆಂಪಿಯ ಕೆಚ್ಚಲು ತೊಳೆದು, ಹಾಲು ಕರೆಯಲು ಕೂತಿದ್ದಳು. ತಂಬಿಗೆ ಅರ್ಧವೂ ತುಂಬಿರಲಿಲ್ಲ, ಹಸು ಇದ್ದಕ್ಕಿದ್ದಂತೆ ಬೆದರಿ ಹಿಂಗಾಲು ಝಾಡಿಸಿತು. ತಂಬಿಗೆ ಹಾರಿ ಗೋಡೆಗೆ ಬಡಿಯಿತು. ನೊರೆಹಾಲು ಸಗಣಿಯ ಮೇಲೆ ಹರಿದುಹೋಯಿತು. ತಿರುಗಿ ನೋಡಿದರೆ ಕೊಟ್ಟಿಗೆಯ ಬಾಗಿಲಲ್ಲಿ ಮಗಳು ರೂತ್ ನಿಂತಿದ್ದಾಳೆ, ಕೈಯಲ್ಲಿ ಎಲೆ ಸವರಿದ ಲಕ್ಕಿ ಗಿಡದ ಹಸಿ ಕೋಲು.

“ಏ ರೂತೂ, ಕೋಲು ಹಿಡ್ಕೊಂಡು ಕೊಟ್ಟಿಗೆಗೆ ಬರ್ತಾರನೇ? ಕೆಂಪಿಗೆ ಕೋಲು ಕಂಡ್ರೆ ಆಗಲ್ಲ ಅಂತ ಗೊತ್ತಿಲ್ವಾ? ಅಪ್ಪಂಗೆ ಕುಡಿಯೋಕೆ ಇದ್ದದ್ದೇ ಅಷ್ಟು ಹಾಲು!”

ಬೇರೆ ದಿನವಾಗಿದ್ದರೆ ಹುಡುಗಿ ಅಷ್ಟು ಹೊತ್ತಿಗೆ ಬಾವಿಕಟ್ಟೆ ದಾಟಿ ಓಡಿರುತ್ತಿದ್ದಳು. ಇವತ್ತು ಓಡಲಿಲ್ಲ. ಹತ್ತಿರ ಬಂದು ಕೋಲನ್ನು ತಾಯಿಯ ಮುಂದೆ ಚಾಚಿದಳು.

“ಹೊಡಿ ಅಮ್ಮಾ.”

“ಎಂತ?”

“ಇದ್ರಲ್ಲಿ ಹೊಡಿ. ಜೋರಾಗಿ ಹೊಡಿ. ನಾನು ಅಳಲ್ಲ.”

ಕುಮುದಾಳಿಗೆ ನಗು ಬಂತು. “ಹಾಲು ಚೆಲ್ಲಿದ್ದಕ್ಕೆ ಯಾರಾದ್ರೂ ಹೊಡೀತಾರಾ ಮಾರಾಯ್ತಿ? ಹೋಗು, ಮುಖ ತೊಳಿ.”

“ಹಾಲಿಗಲ್ಲ,” ಎಂದಳು ರೂತ್. ಎಂದವಳೇ ಬೆನ್ನು ತಿರುಗಿಸಿ ನಿಂತಳು. ಫ್ರಾಕಿನ ಹಿಂದಿನ ಗುಂಡಿ ಕಿತ್ತುಹೋಗಿ ಕಾಣುತ್ತಿದ್ದ ಆ ಸಣ್ಣ ಬೆನ್ನು, ಚಳಿಯಿಲ್ಲದ ಮೇ ತಿಂಗಳ ಬೆಳಿಗ್ಗೆಯಲ್ಲಿ, ನಡುಗುತ್ತಿತ್ತು. ಹೆಗಲು ಮೇಲೆ ಸರಿದಿತ್ತು. ಪೆಟ್ಟು ಎಲ್ಲಿ ಬೀಳಬಹುದು ಎಂದು ಕಾಯುವ ದೇಹ ಹೇಗಿರುತ್ತದೋ ಹಾಗೆ.

ಕುಮುದಾಳ ನಗು ನಿಂತುಹೋಯಿತು. ಮಗಳನ್ನು ಅವಳು ಬೈದದ್ದುಂಟು, ಕಿವಿ ಹಿಂಡಿದ್ದುಂಟು, ಒಮ್ಮೆ ಬಾವಿಯೊಳಗೆ ಬಗ್ಗಿದ್ದಕ್ಕೆ ಕುಂಡೆಯ ಮೇಲೆ ಎರಡು ಬಿಟ್ಟದ್ದೂ ಉಂಟು. ಆದರೆ ಕೋಲು ಎತ್ತಿದವಳಲ್ಲ. ಎದ್ದು ಬಂದು ಕೋಲನ್ನು ಕಸಿದು, ಪಕ್ಕದ ಬಚ್ಚಲೊಲೆಗೆ ತುರುಕಿದಳು. ಹಸಿ ಕೋಲು ಚಟಚಟ ಅಂದು ಹೊಗೆ ಬಿಟ್ಟಿತು.

“ಯಾರು ಹೇಳಿದ್ದು ನಿಂಗೆ ಹೀಗೆಲ್ಲ ಮಾಡೋಕೆ?”

“ಯಾರೂ ಇಲ್ಲ. ನೀನು ಹೊಡದ್ರೆ ದೇವ್ರಿಗೆ ಸಾಕು ಅನ್ಸತ್ತೆ. ಆಮೇಲೆ ಅಪ್ಪಂಗೆ ಜ್ವರ ತಿರುಗಿ ಬರಲ್ಲ.”

ಅಷ್ಟು ಹೇಳಿ ಹುಡುಗಿ ಮುಖ ತೊಳೆಯಲು ಹೋದಳು. ಒಲೆಯ ಮುಂದೆ ಕುಮುದಾ ನಿಂತೇ ಇದ್ದಳು.

ಗಂಡ ಉಮೇಶನಿಗೆ ಬಂದದ್ದು ಮಂಗನ ಕಾಯಿಲೆ. ಬೇಸಿಗೆ ಬಂತೆಂದರೆ ಈ ಕಡೆಯ ಕಾಡಂಚಿನ ಊರುಗಳಿಗೆಲ್ಲ ಅದರದ್ದೇ ಭಯ. ಕಾಡಿನಲ್ಲಿ ಮಂಗ ಸತ್ತುಬಿದ್ದ ಸುದ್ದಿ ಬರುತ್ತದೆ. ಅದರ ಮೈಮೇಲಿದ್ದ ಉಣುಗು ತರಗೆಲೆಗೆ ಇಳಿದು, ಸೊಪ್ಪಿಗೆ ಹೋದವರ, ಸೌದೆಗೆ ಹೋದವರ ಕಾಲು ಹತ್ತಿ ಕಚ್ಚಿ ಜ್ವರ ತರುತ್ತದೆ. ಆಶಾ ಕಾರ್ಯಕರ್ತೆ ಮನೆಮನೆಗೆ ಎಣ್ಣೆಯ ಬಾಟಲಿ ಕೊಟ್ಟು, ಕಾಡಿಗೆ ಕಾಲಿಡುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಹೇಳಿಹೋಗಿದ್ದಳು. ಉಮೇಶ ದಿನವೂ ಹಚ್ಚುತ್ತಿದ್ದ. ಭಾನುವಾರ ಮಾತ್ರ ಹಚ್ಚುತ್ತಿರಲಿಲ್ಲ. ಅವನೊಬ್ಬನೇ ಅಲ್ಲ, ಕೋಣಂದೂರಿನ ಪ್ರಾರ್ಥನಾ ಮನೆಗೆ ಹೋಗುವ ಯಾರೂ ಭಾನುವಾರ ಹಚ್ಚುತ್ತಿರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಮೈಗೆ ಮೈ ತಾಗುವಂತೆ ಚಾಪೆಯ ಮೇಲೆ ಕೂರುವುದು, ಅದರ ನಡುವೆ ಆ ಎಣ್ಣೆಯ ವಾಸನೆ ಎಂದರೆ ಒಂದು ತರಹ. ಯಾರೂ ಮಾಡಿದ ನಿಯಮವಲ್ಲ. ಆದರೂ ಎಲ್ಲರೂ ಪಾಲಿಸುತ್ತಿದ್ದರು. ಕಾಡಿನ ದಾರಿಯಲ್ಲೇ ನಡೆದು ಬರುವವರೂ ಪಾಲಿಸುತ್ತಿದ್ದರು.

ಜ್ವರ ಬರುವ ಮುಂಚಿನ ಆ ಭಾನುವಾರ ಗುಡಿಸಿ ಚಾಪೆ ಹಾಸುವ ಸರದಿ ಕುಮುದಾಳದ್ದು, ಬೇಗ ಹೋಗಿದ್ದಳು. ಅಪ್ಪ ಮಗಳು ಹಿಂದಿನಿಂದ ಬೈಕಿನಲ್ಲಿ ಬರಬೇಕಿತ್ತು. ಬರಲಿಲ್ಲ. ಸಭೆ ಮುಗಿದು ಜನ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಬಂದ ಉಮೇಶ, “ಚೈನು ಕಳಚಿಬಿಡ್ತು ಮಾರ್ರೆ” ಎಂದು ಎಲ್ಲರಿಗೂ ಹೇಳಿದ. ಕೈಗೆ ಗ್ರೀಸೇ ಅಂಟಿರಲಿಲ್ಲ. ಇಬ್ಬರ ತುಟಿಯೂ ನೇರಳೆ ಬಣ್ಣವಾಗಿತ್ತು. ದಾರಿಯಲ್ಲಿ ಕಾಡಿನ ಕವಳಿ ಹಣ್ಣು ತಿಂದದ್ದು ಕುಮುದಾಳಿಗೆ ಆಗಲೇ ಗೊತ್ತಾಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಒಂದು ವಾರ ಕಳೆದ ಮೇಲೆ ಜ್ವರ ಬಂತು. ತಲೆ ಎತ್ತಲಾಗದ ಜ್ವರ. ಸಭೆಯ ಹಿರಿಯ ಕೆರಿಯಪ್ಪ ತನ್ನ ಪಿಕಪ್ ಗಾಡಿಯಲ್ಲಿ ಹಾಸಿಗೆ ಹಾಕಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದೊಯ್ದ. ಸಭೆಯ ಹೆಂಗಸರು ಮನೆಗೆ ಅನ್ನ ಸಾರು ತಂದುಕೊಟ್ಟರು, ಕೆಂಪಿಗೆ ಹುಲ್ಲು ಹಾಕಿದರು. ಅದನ್ನೆಲ್ಲ ಕುಮುದಾ ಮರೆತಿಲ್ಲ. ಉಮೇಶ ಬದುಕಿ ಮನೆಗೆ ಬಂದ. ಬರುವಾಗ ನರ್ಸ್ ಹೇಳಿದ್ದಳು, ಈ ಜ್ವರ ಕೆಲವರಿಗೆ ಇನ್ನೊಂದು ಸಲ ತಿರುಗಿ ಬರುವುದುಂಟು, ಜೋಪಾನ ಎಂದು. ಹಾಗೆ ಹೇಳುವಾಗ ರೂತ್ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದಳು.

ಮಗಳ ತಲೆ ಬಾಚುವ ನೆಪದಲ್ಲಿ ಕುಮುದಾ ಅವಳನ್ನು ಮಡಿಲ ಹತ್ತಿರ ಕೂರಿಸಿಕೊಂಡಳು. ಎಣ್ಣೆ ಹಾಕಿ, ಸಿಕ್ಕು ಬಿಡಿಸಿ, ಅವಸರ ಮಾಡದೆ ಒಂದೊಂದೇ ಕೇಳಿದಳು. ಮೊದಲ ಜಡೆ ಮುಗಿಯುವ ಹೊತ್ತಿಗೆ ಅರ್ಧ ಹೊರಬಂತು, ಎರಡನೆಯದಕ್ಕೆ ಉಳಿದದ್ದು.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ರೂತ್ ಭಾನುವಾರದ ಶಾಲೆಯಲ್ಲಿ ಸೌಜನ್ಯ ಟೀಚರ್ ಹತ್ತಿರ ಅತ್ತಿದ್ದಳು. ಹಣ್ಣು ಬೇಕೆಂದು ಹಠ ಮಾಡಿದ್ದು ತಾನೇ, ಅಪ್ಪ ಮುಳ್ಳಿನ ಪೊದೆಯೊಳಗೆ ನುಗ್ಗಿದ್ದು ತನಗಾಗಿಯೇ, ಆಮೇಲೆ ಸುಳ್ಳು ಹೇಳಿದ್ದೂ ತನ್ನಿಂದಲೇ ಎಂದಿದ್ದಳು. ಟೀಚರ್ ಅವಳ ತಲೆ ನೇವರಿಸಿ, ದೇವರು ಯಾರನ್ನು ಪ್ರೀತಿಸುತ್ತಾನೋ ಅವರನ್ನೇ ದಂಡಿಸುತ್ತಾನೆ, ನಿನ್ನನ್ನು ಮಗಳು ಅಂದುಕೊಂಡದ್ದಕ್ಕೇ ಹೀಗಾಯಿತು ಎಂದಳಂತೆ. ನಾಳೆ ಭಾನುವಾರ, ಉಮೇಶ ಬದುಕಿ ಬಂದದ್ದಕ್ಕೆ ದೇವರಿಗೆ ಸ್ತೋತ್ರ ಹೇಳುವ ಕೂಟ. ಅದರಲ್ಲಿ ರೂತ್ ಎಲ್ಲರೆದುರು ಎದ್ದು, ಟೀಚರ್ ಹೇಳಿಕೊಟ್ಟ ಸಾಕ್ಷಿ ಹೇಳಬೇಕು.

“ಎಂತ ಹೇಳ್ಬೇಕು? ಹೇಳು ನೋಡಣ.”

ರೂತ್ ನೆಟ್ಟಗೆ ಕೂತು ಕೈಕಟ್ಟಿದಳು. “ನಾನು ಕರ್ತನ ದಿನವನ್ನು ಹಣ್ಣಿನ ಆಸೆಗೆ ಮಾರಿದೆನು. ಕರ್ತನು ನನ್ನನ್ನು ಪ್ರೀತಿಸುವವನಾದ್ದರಿಂದ ನಮ್ಮ ಮನೆಗೆ ಬೆತ್ತವನ್ನು ಕಳುಹಿಸಿದನು. ಆತನ ಬೆತ್ತಕ್ಕಾಗಿ ಸ್ತೋತ್ರ.”

ಇದು ಎಂಟು ವರ್ಷದ ಹುಡುಗಿಯ ಮಾತಲ್ಲ. ‘ಕಳುಹಿಸಿದನು’ ಎಂದು ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಬಾಯಿಪಾಠ ಒಪ್ಪಿಸಿದ ಮೇಲೆ ರೂತ್ ಇನ್ನೇನೋ ಹೇಳಲು ಬಾಯಿ ತೆರೆದಳು, ತಾಯಿಯ ಮುಖ ನೋಡಿ ನುಂಗಿಕೊಂಡಳು.

ಕುಮುದಾ ಜಡೆಗೆ ರಿಬ್ಬನ್ ಕಟ್ಟಿದಳು. ಕೈ ಮೆತ್ತಗೇ ಇತ್ತು. ಸಿಟ್ಟು ಮೆತ್ತಗಿರಲಿಲ್ಲ. ಗಂಡನನ್ನು ಉಣುಗು ಕಚ್ಚಿತು, ಸರಿ. ಮಗಳನ್ನು ಕಚ್ಚಿದ್ದು ಯಾವುದು? ಮನೆಯವರೆಲ್ಲ ಆಸ್ಪತ್ರೆಯ ವರಾಂಡದಲ್ಲಿ ನೆಲ ಹಿಡಿದಿದ್ದಾಗ, ಅಳುವ ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಅಪ್ಪನ ಜ್ವರವನ್ನು ಅದರ ತಲೆಗೆ ಕಟ್ಟಿದರಲ್ಲ! ಅದಕ್ಕೆ ಪ್ರೀತಿ ಎಂದು ಹೆಸರು ಬೇರೆ.

ಹಿತ್ತಿಲಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಅತ್ತೆ ಗುತ್ಯಮ್ಮನಿಗೆ ಎಲ್ಲ ಕೇಳಿಸಿತ್ತು. ಗುತ್ಯಮ್ಮ ಸಭೆಗೆ ಹೋಗುವವಳಲ್ಲ. ಹೊಸನಗರದ ಕಡೆಯ ಕ್ರೈಸ್ತರ ಮನೆಯಿಂದ ಕುಮುದಾಳನ್ನು ಮಗ ಮದುವೆಯಾಗಿ ತಂದಾಗಲೂ, ಆಮೇಲೆ ಅವನೇ ಸಭೆಗೆ ಸೇರಿದಾಗಲೂ, ಅವಳು ತನ್ನ ದೇವತೆ ಚೌಡಿಯನ್ನು ಬಿಟ್ಟಿರಲಿಲ್ಲ.

“ನಂ ಚೌಡಮ್ಮ ಮುನಿಸ್ಕೊಂಡ್ರೆ ಒಂದು ಹುಂಜ ಕೊಟ್ರೆ ಸುಮ್ನಾಗ್ತಾಳೆ,” ಎಂದಳು ಕೈ ನಿಲ್ಲಿಸದೆ. “ನಿಂ ದೇವ್ರು ದೊಡ್ಡೋನು, ಪಾಪ. ಅವಂಗೆ ಮಗೀನ ಬೆನ್ನೇ ಬೇಕೇನೆ?”

“ಅತ್ತೆ, ನೀವೊಬ್ರು ಸುಮ್ನಿರಿ.”

“ನಾ ಸುಮ್ನೇ ಇದೀನಿ. ಸುಮ್ನಿರ್ಬಾರ್ದವ್ಳು ನೀನು.”

ಗಂಜಿ ಬಸಿದು, ಉಮೇಶನಿಗೆ ಊಟ ಇಟ್ಟು, ಕುಮುದಾ ಹತ್ತು ಗಂಟೆಯ ಬಸ್ಸಿಗೆ ಕೋಣಂದೂರಿಗೆ ಹೋದಳು. ಸೌಜನ್ಯಳದ್ದು ಸಂತೆಮಾಳದ ಹತ್ತಿರ ಒಂದು ಹೊಲಿಗೆ ಅಂಗಡಿ. ಶಾಲೆ ಶುರುವಾಗುವ ಮುಂಚಿನ ಗಡಿಬಿಡಿ; ಯೂನಿಫಾರ್ಮಿನ ನೀಲಿ ಬಟ್ಟೆ ರಾಶಿ ಬಿದ್ದಿತ್ತು. ಸೌಜನ್ಯ ಇನ್ನೂ ಮದುವೆಯಾಗದ ಹುಡುಗಿ. ಒಳ್ಳೆಯವಳು. ಆಸ್ಪತ್ರೆಗೆ ರೂತಳಿಗೆಂದು ಚಿತ್ರಪುಸ್ತಕ ತಂದುಕೊಟ್ಟವಳೂ ಅವಳೇ. ಒಳ್ಳೆಯವಳು ಎಂಬುದೇ ಕುಮುದಾಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

“ಬನ್ನಿ ಕುಮುದಕ್ಕ! ಅಣ್ಣ ಹೇಗಿದಾರೆ? ನಾಳೆ ಬರ್ತಾರಲ್ವಾ?”

“ಇವತ್ತು ಬೆಳಿಗ್ಗೆ ನನ್ನ ಮಗಳು ಕೋಲು ತಂದು ಕೊಟ್ಟು ಹೊಡಿ ಅಂದ್ಲು. ಬೆನ್ನು ಕೊಟ್ಟು ನಿಂತ್ಲು. ಎಂತ ಕಲ್ಸಿದೀಯ ನೀನು ಅವಳಿಗೆ?”

ಮಿಷನ್ನಿನ ಸದ್ದು ನಿಂತಿತು. ಸೌಜನ್ಯ ಬಟ್ಟೆ ಪಕ್ಕಕ್ಕೆ ಸರಿಸಿದಳು. “ಕೋಲು ಗೀಲು ನಾನು ಹೇಳಿಲ್ಲ ಅಕ್ಕ. ಅವಳೇ ಬಂದು ಅತ್ತಳು. ನಾನು ಸಮಾಧಾನ ಮಾಡ್ದೆ, ಅಷ್ಟೆ. ದೇವರು ಬಿಟ್ಟುಬಿಟ್ಟ ಅಂತ ಅವಳಿಗೆ ಅನ್ಸಬಾರ್ದು ಅಂತ ಬೈಬಲ್ ವಾಕ್ಯ ಹೇಳಿದೆ.”

“ಅಪ್ಪನ ಜ್ವರಕ್ಕೆ ನೀನೇ ಕಾರಣ ಅನ್ನೋದು ಸಮಾಧಾನವಾ?”

“ಹಾಗಂದಿಲ್ಲ. ಪ್ರೀತಿಯಿಂದ ತಿದ್ತಾನೆ ಅಂದೆ. ತಂದೆತಾಯಿ ತಿದ್ದಲ್ವಾ ಅಕ್ಕ? ನೀವು ತಿದ್ದಲ್ವಾ?”

“ತಿದ್ತೀನಿ. ಯಾಕೆ ಬೈದೆ ಅಂತ ಅವಳಿಗೆ ಹೇಳಿ ಬೈತೀನಿ. ಬೈದು ಮುಗಿದ ಮೇಲೆ ಉಣ್ಣೋಕೆ ಕರೀತೀನಿ. ಅವಳ ತಪ್ಪಿಗೆ ಅವಳ ಅಪ್ಪನ್ನ ಆಸ್ಪತ್ರೆ ಮಂಚಕ್ಕೆ ಕೆಡವಲ್ಲ. ದೇವರನ್ನ ನನಗಿಂತ ಕೀಳು ಮಾಡಿದ್ಯಲ್ಲೇ ಸೌಜನ್ಯಾ!”

ಹುಡುಗಿಯ ಕಣ್ಣಲ್ಲಿ ನೀರು ಬಂತು. ಆದರೂ ಸೋಲಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದಳು: “ನಿಮ್ಮ ಹೊಟ್ಟೇಲಿದ್ದದ್ದು ಹೋದಾಗ ನೀವು ಸಭೇಲಿ ಎದ್ದು ಸಾಕ್ಷಿ ಹೇಳಿದ್ರಿ. ಇದೇ ವಾಕ್ಯ ನನ್ನ ಎತ್ತಿ ನಿಲ್ಲಿಸ್ತು ಅಂದ್ರಿ. ನಾನು ಅವತ್ತು ಅತ್ತಿದ್ದೆ ಅಕ್ಕ. ಆ ವಾಕ್ಯ ನಾನು ಕಲ್ತದ್ದೇ ನಿಮ್ಮಿಂದ.”

ಕುಮುದಾ ಕಟ್ಟೆಯ ಮೇಲೆ ಕೂತುಬಿಟ್ಟಳು. ಅದು ಸುಳ್ಳಲ್ಲ. ಹೋದ ವರ್ಷ ಐದು ತಿಂಗಳ ಬಸಿರು ಇಳಿದುಹೋದಾಗ ಅವಳು ಹಾಗೇ ಹೇಳಿದ್ದಳು. ನನ್ನನ್ನು ಮರೆತ ದೇವರಾಗಿದ್ದರೆ ನನ್ನ ಮೇಲೆ ಕೈ ಇಡುತ್ತಿರಲಿಲ್ಲ, ಕೈ ಭಾರವಾಗಿದ್ದರೂ ಅದು ಅಪ್ಪನ ಕೈ ಎಂದುಕೊಂಡು ಎದ್ದಿದ್ದಳು. ಇವತ್ತೂ ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿಲ್ಲ.

“ನಾನು ನನ್ನ ಬಗ್ಗೆ ಹೇಳ್ಕೊಂಡೆ,” ಎಂದಳು. “ಕತ್ತಲೇಲಿ ಕೈ ಚಾಚಿ ಹುಡುಕಿದಾಗ ನಂಗೆ ಸಿಕ್ಕ ಮಾತು ಅದು. ಅವತ್ತು ನೀನಾಗ್ಲಿ ಕೆರಿಯಪ್ಪಣ್ಣ ಆಗ್ಲಿ ನನ್ನ ಮನೆ ಬಾಗಿಲಿಗೆ ಬಂದು, ನಿನ್ನ ಯಾವ್ದೋ ತಪ್ಪಿಗೆ ಕೂಸು ಹೋಯ್ತು ಅಂದಿದ್ರೆ, ಆ ಬಾಗ್ಲಲ್ಲೇ ನಿಮ್ಮ ಋಣ ಹರ್ಕೊಂಡುಬಿಡ್ತಿದ್ದೆ. ತಾನಾಗಿ ಅಂದ್ಕೊಳ್ಳೋದು ಬೇರೆ, ಇನ್ನೊಬ್ರು ತಲೆಗೆ ಕಟ್ಟೋದು ಬೇರೆ. ಅದೂ ಎಂಟು ವರ್ಷದ ತಲೆಗೆ.”

“ಹಾಗಾದ್ರೆ ನಾಳೆ...”

“ನಾಳೆ ನನ್ನ ಮಗಳು ಸಾಕ್ಷಿ ಹೇಳಲ್ಲ.”

ಮನೆಗೆ ಬಂದಾಗ ಉಮೇಶ ಜಗಲಿಯಲ್ಲಿ ಗೋಡೆಗೆ ಒರಗಿದ್ದ. ಮಜ್ಜಿಗೆಯ ಲೋಟ ಹಿಡಿದ ಕೈ ಇನ್ನೂ ನಡುಗುತ್ತಿತ್ತು. ಅರ್ಧ ಬಾಯಿಗೆ, ಅರ್ಧ ಲುಂಗಿಗೆ. ಕುಮುದಾ ಎಲ್ಲ ಹೇಳಿದಳು. ಅವನು ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

“ಹೌದನೇ, ಹಣ್ಣಿನ ಆಸೆ ನಿಂಗೊಬ್ಳಿಗೇ ಇತ್ತಾ? ನಿಂಗೆ ಒಂದು ಕೊಟ್ಟು ನಾನು ನಾಕು ತಿಂದಿದೀನಿ. ಸುಳ್ಳು ಹೇಳಿದ್ದೂ ನಾನೇ. ಚೈನು ಕಳಚ್ತು ಅನ್ನೋ ಮಾತು ನಿನ್ನ ಬಾಯಿಂದ ಬಂತಾ, ನನ್ನ ಬಾಯಿಂದ ಬಂತಾ?”

ರೂತ್ ನಗಲಿಲ್ಲ. “ಪೊದೆ ಒಳಗೆ ಹೋಗು ಅಂದಿದ್ದು ನಾನು.”

ಅದು ನಿಜವಾಗಿತ್ತು. ಉಮೇಶ ಹೆಂಡತಿಯ ಮುಖ ನೋಡಿದ.

“ಹೌದು ಮಗಾ,” ಎಂದಳು ಕುಮುದಾ, ಮಗಳ ಎದುರಿಗೆ ಕುಕ್ಕರುಗಾಲಲ್ಲಿ ಕೂತು. “ಪೊದೆ ಒಳಗೆ ಉಣುಗು ಇತ್ತು. ಅಪ್ಪ ಎಣ್ಣೆ ಹಚ್ಕೊಂಡಿರ್ಲಿಲ್ಲ. ಅದಕ್ಕೇ ಕಚ್ತು. ಎಣ್ಣೆ ಹಚ್ಚದೇ ಇದ್ದದ್ದು ಯಾಕೆ? ಸಭೆಗೆ ಹೊರಟಿದ್ರು ಅಂತ. ಹಣ್ಣು ಕೇಳೋದು ಪಾಪ ಅಲ್ಲ.”

“ಮತ್ತೆ ನಾಳೆ ನಾನು ಹೇಳ್ದೇ ಇದ್ರೆ ಜ್ವರ ತಿರುಗಿ ಬಂದ್ರೆ?”

“ಹಂಗೇನೂ ಇಲ್ಲ.”

“ನರ್ಸ್ ಹೇಳಿದ್ರು, ಬರತ್ತೆ ಅಂತ.”

ಎಷ್ಟು ಹೇಳಿದರೂ ಹುಡುಗಿಯ ಮುಖ ಸಡಿಲವಾಗಲಿಲ್ಲ. ನಾಳೆ ಹೋಗಲೇಬೇಕೆಂದು ಹಠ ಹಿಡಿದಳು. ಹೋಗುವುದೇ ಬೇಡ ಎಂದು ಮೊದಲು ಉಮೇಶನಿಗೆ ಅನಿಸಿತ್ತು. ಆದರೆ ಈ ಮಾತು ಎಲ್ಲಿ ಮಗಳ ತಲೆಗೆ ಹೊಕ್ಕಿತೋ ಅಲ್ಲೇ ಹೊರಗೆ ಬರಬೇಕು, ಮನೆಯ ಮೂಲೆಯಲ್ಲಿ ಕೂರಿಸಿದರೆ ಒಳಗೇ ಉಳಿಯುತ್ತದೆ ಎಂದಳು ಕುಮುದಾ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಸಿದ ಮೇಲೆ ಕುಮುದಾ ಆಶಾ ಕಾರ್ಯಕರ್ತೆ ಕೊಟ್ಟ ಬಾಟಲಿ ತಂದು ಗಂಡನ ಕಾಲಿಗೆ, ಮಗಳ ಕೈಕಾಲಿಗೆ, ತನಗೆ, ಎಲ್ಲರಿಗೂ ಎಣ್ಣೆ ಸವರಿದಳು. ಮಳೆ ಎರಡು ಬಿದ್ದಿತ್ತು, ಉಣುಗಿನ ಕಾಲ ಮುಗಿಯುತ್ತ ಬಂದಿತ್ತು. ಆದರೂ ಸವರಿದಳು. ಬಿಳಿ ಪ್ಯಾಂಟಿನ ಅಂಚಿಗೆ ಕಲೆ ಆದದ್ದನ್ನು ನೋಡಿ ಉಮೇಶ, “ಚಾಪೆ ಮೇಲೆ ನಮ್ಮ ಸುತ್ತ ಜಾಗ ಖಾಲಿ ಇರತ್ತೆ ಬಿಡು,” ಎಂದು ನಕ್ಕ.

ಹಾಗೇ ಆಯಿತು. ಅವರು ಕೂತ ಕಡೆ ಹೆಂಗಸರು ಮೂಗಿಗೆ ಸೆರಗು ತಂದರು. ಒಬ್ಬಳು ಪಿಸುಗುಟ್ಟಿದಳು: “ಭಾನ್ವಾರನೂ ಹಚ್ಕೊಂಡು ಬಂದಿದಾರಲ್ಲೇ.” ಸಭೆಯ ಬೋಧಕರಾದ ಸಾಗರದ ಅಯ್ಯನವರು ಬರುವುದು ತಿಂಗಳಿಗೊಮ್ಮೆ, ಇವತ್ತು ಕೂಟ ನಡೆಸುವವನು ಕೆರಿಯಪ್ಪ. ಹಾಡಾಯಿತು, ಪ್ರಾರ್ಥನೆಯಾಯಿತು. ಉಮೇಶನ ಹೆಸರು ಹೇಳಿದಾಗ ಎಲ್ಲರೂ ಒಟ್ಟಾಗಿ ಸ್ತೋತ್ರ ಎಂದರು. ಆ ದನಿಯಲ್ಲಿದ್ದ ಸಂತೋಷ ನಿಜವಾದದ್ದು. ಕುಮುದಾಳೂ ಸ್ತೋತ್ರ ಎಂದಳು. ಆಮೇಲೆ ಕೆರಿಯಪ್ಪ, “ನಮ್ಮ ರೂತಮ್ಮ ಈಗ ಸಾಕ್ಷಿ ಹೇಳ್ತಾಳೆ,” ಎಂದ. ಹಿಂದಿನ ಸಾಲಿನಲ್ಲಿ ಸೌಜನ್ಯ ತಲೆ ತಗ್ಗಿಸಿದಳು. ಅವಳು ಕೆರಿಯಪ್ಪನಿಗೆ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ಅವನು ಕೇಳಿರಲಿಲ್ಲ.

ರೂತ್ ಏಳುವ ಮುಂಚೆ ಕುಮುದಾ ಎದ್ದಳು.

“ಕೆರಿಯಪ್ಪಣ್ಣ, ನನ್ನ ಗಂಡನ್ನ ಗಾಡೀಲಿ ಹಾಕ್ಕೊಂಡು ಹೋದವ್ರು ನೀವು. ಸಾಯೋ ತನಕ ಮರೆಯಲ್ಲ. ಆದ್ರೆ ಅವರಿಗೆ ಜ್ವರ ಕಳ್ಸಿದ್ದು ದೇವರು, ಅದೂ ಈ ಮಗಿನ ತಪ್ಪಿಗೆ ಅಂತ ಇಲ್ಲಿ ಯಾರೂ ಹೇಳ್ಬಾರ್ದು. ಅವಳ ಬಾಯಿಂದ ಹೇಳಿಸ್ಲೂಬಾರ್ದು.”

“ತಂಗೀ, ಕೂತ್ಕೊ...”

“ಕೂರಲ್ಲ. ನಾವೆಲ್ಲ ಭಾನ್ವಾರ ಎಣ್ಣೆ ಹಚ್ಚದೇ ಕಾಡು ದಾರಿ ದಾಟಿ ಬರ್ತೀವಿ. ಯಾಕೆ? ಪಕ್ಕದವ್ರು ಮೂಗು ಮುಚ್ಚಿಕೊಳ್ತಾರೆ ಅಂತ. ಈಗ ನಾಕು ಜನ ಮುಚ್ಚಿಕೊಂಡ್ರಲ್ಲ, ಅವರನ್ನೇ ಕೇಳಿ. ಆ ತಪ್ಪು ನಮ್ಮೆಲ್ಲರದ್ದು. ಅದನ್ನ ಹೇಳೋಕೆ ನಾಚಿಕೆ ಆಗಿ, ಎದುರು ಮಾತಾಡೋಕೆ ಬರದ ಮಗಿನ ತಲೆಗೆ ಕಟ್ಟಿದೀವಿ. ಬೈಬಲಲ್ಲಿ ಸ್ವಾಮಿ ತನ್ನ ಶಿಷ್ಯನ ಅತ್ತೆಯ ಜ್ವರ ಬಿಡಿಸಿದ್ದು ನಂಗೆ ಗೊತ್ತು. ಯಾರಿಗಾದ್ರೂ ಜ್ವರ ಬರಿಸಿದ್ದು ಗೊತ್ತಿಲ್ಲ. ಗೊತ್ತಿದ್ದವ್ರು ಹೇಳಿ.”

ಯಾರೂ ಸ್ತೋತ್ರ ಎನ್ನಲಿಲ್ಲ. ಕೆರಿಯಪ್ಪನಿಗೆ ಕೋಪಕ್ಕಿಂತ ಹೆಚ್ಚಾಗಿ ನೋವಾಗಿತ್ತು. “ನೀನು ನೊಂದಿದೀಯ, ಅದಕ್ಕೆ ಹೀಗೆ ಮಾತಾಡ್ತಿದೀಯ ತಂಗಿ. ಆತ ತಿದ್ದೋದು ನಮ್ಮ ಒಳ್ಳೇದಕ್ಕೆ. ಮಗೂಗೆ ಹೇಳೋ ಮನಸ್ಸಿದೆ, ನೋಡು. ತಡೀಬೇಡ.”

ರೂತ್ ಎದ್ದು ನಿಂತಿದ್ದಳು. ಮುಖ ಜ್ವರ ಬಂದವರ ಹಾಗೆ ಕೆಂಪಾಗಿತ್ತು. ಕುಮುದಾ ಅವಳನ್ನು ಕೂರಿಸಲು ಕೈ ಚಾಚಿದಳು, ಚಾಚಿದ ಕೈಯನ್ನು ಹಾಗೇ ಅವಳ ಹೆಗಲ ಮೇಲೆ ಇಟ್ಟಳು.

“ಕಲ್ಸಿದ್ದು ಬೇಡ ಮಗಾ,” ಎಂದಳು. “ನಿಂಗೆ ಎಂತ ಕೇಳ್ಬೇಕು ಅನ್ಸತ್ತೋ ಅದನ್ನ ಕೇಳು. ನಾನು ಇಲ್ಲೇ ಇದೀನಿ.”

“ನಾನು ಕರ್ತನ ದಿನವನ್ನು...” ಎಂದು ಶುರುಮಾಡಿ ಹುಡುಗಿ ನಿಲ್ಲಿಸಿದಳು. ಮತ್ತೆ ಅಲ್ಲಿಂದಲೇ ಶುರುಮಾಡಿದಳು. ಮತ್ತೆ ನಿಲ್ಲಿಸಿದಳು. ಚಾಪೆಯ ಮೇಲೆ ಕೂತಿದ್ದ ಅಪ್ಪನ ಕಡೆ ತಿರುಗಿದಳು. ಉಮೇಶ ನಡುಗುವ ಕೈಗಳನ್ನು ಮಗಳಿಗೆ ಕಾಣದ ಹಾಗೆ ತೊಡೆಯ ಕೆಳಗೆ ಸೇರಿಸಿಕೊಂಡ. ಅವಳು ಅದನ್ನೂ ನೋಡಿದಳು. ಆಮೇಲೆ ಕೆರಿಯಪ್ಪನ ಕಡೆ ಮುಖ ಎತ್ತಿದಳು.

“ಕೆರಿಯಪ್ಪಜ್ಜಾ, ಹಣ್ಣು ಬೇಕು ಅಂದಿದ್ದು ನಾನು. ದೇವ್ರಿಗೆ ನನ್ನ ಮೇಲೆ ಪ್ರೀತಿ ಇದ್ರೆ, ಅಪ್ಪಂಗೆ ಯಾಕೆ ಹೊಡ್ದ?”